ನಮ್ಮನೇಲೂ ಮೋಟಾರ್ ಇದೆ, ಮೇಡಂ

ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಡಂಗೆ, ಆವತ್ತು ಮಕ್ಕಳ ಗ್ರಾಮ ಸಭೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ಊರಿನ ಹೆಸರು ಬೇಕೂಂತಲೇ ಬರೆದಿಲ್ಲ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಒಂದು ಪಂಚಾಯಿತಿ, ಅಷ್ಟು ಸಾಕು. ಹೆಸರು ಬರೆದರೆ ಪಕ್ಕದೂರಿನವರು ಓದಿ ನಕ್ಕು ಸುಮ್ಮನಾಗುತ್ತಾರೆ. ಬರೆಯದಿದ್ದರೆ ಇದು ನಮ್ಮೂರೇ ಇರಬೇಕು ಅಂತ ಅವರಿಗೂ ಒಂದು ಅನುಮಾನ ಬರಲಿ. ನಾನು ಯಾರು ಅಂತ ನಿಮಗಂತೂ ಗೊತ್ತು. ಬಸ್ ಸ್ಟಾಂಡ್ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಒಂದೂವರೆ ಎಕರೆ ತೆಂಗಿದೆ, ಆದರೆ ಮನೆ ನಡೆಯುವುದು ಅಂಗಡಿಯಿಂದ. ನಿಮ್ಮಲ್ಲಿ ಅರ್ಧಕ್ಕರ್ಧ ಜನರ ಪಂಪು ನನ್ನ ಕೈ ದಾಟಿ ಹೋಗಿದೆ. ಈ ಪತ್ರಕ್ಕೂ ಆ ಪಂಪುಗಳಿಗೂ ಸಂಬಂಧ ಇದೆ.

ನವೆಂಬರಿನಲ್ಲಿ ಪಂಚಾಯಿತಿ ಸಭಾಂಗಣದಲ್ಲಿ ಮಕ್ಕಳ ಗ್ರಾಮ ಸಭೆ ಆಯಿತಲ್ಲ, ಆವತ್ತಿನ ವಿಷಯ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಈ ಸಭೆ ಅಂದರೆ ನನಗೆ ತಮಾಷೆ ಇತ್ತು. ಪ್ರತಿ ಪಂಚಾಯಿತಿಯಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಸಭೆ ನಡೆಸಬೇಕು ಅಂತ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿದ್ದು 2006ರಲ್ಲಿ. ಅದಕ್ಕೂ ಮುಂಚೆ, 1990ರ ದಶಕದಲ್ಲೇ, ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. ಭೀಮ ಸಂಘ ಅಂತ ದುಡಿಯುವ ಮಕ್ಕಳದ್ದೇ ಒಂದು ಸಂಘ ಇತ್ತು. ಇದೆಲ್ಲ ನನಗೆ ಗೊತ್ತಾದದ್ದು ಈಗ, ಮಗಳ ದೆಸೆಯಿಂದ. ನಾನು ನೋಡಿದ್ದ ಸಭೆ ಬೇರೆ. ನೆಹರೂ ಫೋಟೊಕ್ಕೆ ಹೂವಿನ ಹಾರ, ಒಂದು ಪ್ರಾರ್ಥನೆ, ಎರಡು ಭಾಷಣ. ಮೇಷ್ಟ್ರು ಬರೆದುಕೊಟ್ಟ ಚೀಟಿ ನೋಡಿಕೊಂಡು ನಾಲ್ಕು ಮಕ್ಕಳು ಆಟದ ಮೈದಾನ ಬೇಕು, ಕಾಂಪೌಂಡ್ ಬೇಕು ಅಂತ ಓದುತ್ತಿದ್ದವು. ಅಧ್ಯಕ್ಷರು ಆಗಲಿ ಅನ್ನುತ್ತಿದ್ದರು. ಬಿಸ್ಕೆಟ್ ಪಾಕೀಟು, ಗ್ರೂಪ್ ಫೋಟೊ, ಮುಗೀತು.

ಈ ಸಲ ಹಾಗಾಗದಿದ್ದಕ್ಕೆ ಕಾರಣ ಹೊಸದಾಗಿ ಬಂದ ಪಿಡಿಒ ಮೇಡಂ. ಅವರು ಚೀಟಿಗಳನ್ನೆಲ್ಲ ಇಸ್ಕೊಂಡು ಮೇಜಿನ ಮೇಲಿಟ್ಟರು. "ಓದಬೇಡಿ, ಹೇಳಿ" ಅಂದರು. ಮಕ್ಕಳು ಐದು ನಿಮಿಷ ಬಾಯಿ ಬಿಡಲಿಲ್ಲ. ಆಮೇಲೆ ನನ್ನ ಮಗಳು ಎದ್ದಳು. ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸು. ಶಾಲೆಯ ಶೌಚಾಲಯದಲ್ಲಿ ನೀರು ಬರಲ್ಲ, ಅದಕ್ಕೆ ಹುಡುಗೀರು ಬೆಳಗ್ಗೆಯಿಂದ ನೀರು ಕುಡಿಯದೇ ಕೂರ್ತೀವಿ ಅಂದಳು. ಅಷ್ಟೇ ಹೇಳಿದ್ದು. ಬೇಡಿಕೆ ಅಂತಲೂ ಅನ್ನಲಿಲ್ಲ.

ಮೇಡಂ ನೀರುಗಂಟಿಯನ್ನು ಕರೆದು ಕೇಳಿದರು. ಪಾಪ, ಅವನು ಇದ್ದದ್ದು ಹೇಳಿದ. ದಿನ ಬೆಳಗ್ಗೆ ಟ್ಯಾಂಕ್ ತುಂಬಿಸ್ತೀನಿ, ವಾಲ್ವ್ ತಿರುಗಿಸ್ತೀನಿ, ಶಾಲೆ ಲೈನಿನ ಕೊನೇಲಿದೆ, ಮೇಲಿನ ಬೀದಿಯವರು ನಲ್ಲಿಗೆ ಮೋಟಾರ್ ಹಾಕಿ ಎಳ್ಕೊಂಡ್ಬಿಡ್ತಾರೆ ಅಂದ. ಯಾರು ಹಾಕಿದ್ದಾರೆ ಹೆಸರು ಹೇಳಪ್ಪ ಅಂದರು. ಅವನು ನೆಲ ನೋಡಿದ. ನಾಳೆ ಅವನು ಅದೇ ಬೀದಿಯಲ್ಲಿ ಸೈಕಲ್ ತುಳಿಯಬೇಕು. ಗೋಡೆಗೆ ಒರಗಿದ್ದ ನಾವೂ ನೆಲ ನೋಡಿದೆವು. ನೆನಪಿದೆಯಲ್ಲ? ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡು ಮುಂದಿನ ಮಗು ಯಾರು ಅಂದರು. ಮೈಕು ಇನ್ನೂ ನನ್ನ ಮಗಳ ಕೈಯಲ್ಲೇ ಇತ್ತು.

"ನಮ್ಮನೇಲೂ ಮೋಟಾರ್ ಇದೆ, ಮೇಡಂ. ನಮ್ಮಪ್ಪಾನೇ ಕೂರಿಸಿದ್ದು."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅವರ ಮನೆಯ ಮೋಟಾರ್ ಕೂರಿಸಿದ್ದೂ ನಾನೇ ಅನ್ನುವುದು ಅವರಿಗೆ ಆ ಗಳಿಗೆಯಲ್ಲಿ ಮರೆತಿತ್ತು. ನಮ್ಮ ಬೀದಿಯಲ್ಲಿ ಹನ್ನೊಂದು ಮೋಟಾರಿವೆ. ಏಳು ನನ್ನ ಕೈಯವು. ಅರ್ಧ ಎಚ್‌ಪಿ, ಪೈಪು, ಕೂಲಿ ಎಲ್ಲ ಸೇರಿ ಇಷ್ಟು ಅಂತ ನನ್ನ ಹತ್ತಿರ ರೇಟೇ ಇತ್ತು.

ಮನೆಗೆ ಹೋಗುವಾಗ ದಾರಿಯಲ್ಲೇ ಬೈದೆ. ಮನೆ ವಿಷಯ ಮೈಕಿನಲ್ಲಿ ಹೇಳ್ತಾರೇನೇ ಅಂದೆ. ಅವಳಿಗೆ ನಿಜವಾಗಿಯೂ ಅರ್ಥ ಆಗಲಿಲ್ಲ. "ಯಾರ ಮನೇಲಿದೆ ಅಂತ ಮೇಡಂ ಕೇಳಿದ್ರಲ್ಲಪ್ಪ, ಅದಕ್ಕೆ ಹೇಳ್ದೆ" ಅಂದಳು. ಆಮೇಲಿಂದ ಸುಮಾರು ಜನ ನನ್ನ ಹತ್ತಿರ ಬಂದು ನಿನ್ನ ಮಗಳಿಗೆ ಎಂಥಾ ಧೈರ್ಯನಪ್ಪ ಅಂದಿದ್ದಾರೆ. ಧೈರ್ಯ ಗಿರ್ಯ ಏನೂ ಇಲ್ಲ. ಸಂಜೆ ಏಳಾದರೆ ಹಿತ್ತಲಿಗೆ ಒಬ್ಬಳೇ ಹೋಗಲ್ಲ ಅವಳು. ಒಂದು ಪ್ರಶ್ನೆ ಕೇಳಿದರು, ಉತ್ತರ ಗೊತ್ತಿತ್ತು, ಹೇಳಿದಳು. ಅದೇ ಪ್ರಶ್ನೆಗೆ ನಮಗೂ ಉತ್ತರ ಗೊತ್ತಿತ್ತು. ನಲವತ್ತು ಜನ ದೊಡ್ಡವರಿದ್ದೆವು ಅಲ್ಲಿ.

ಆ ರಾತ್ರಿ ನನ್ನ ಹೆಂಡತಿ ಅವಳ ಸ್ಕೂಲ್ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ನನ್ನ ಮುಂದಿಟ್ಟಳು. ತುಂಬಿತ್ತು. ಬೆಳಗ್ಗೆ ತುಂಬಿಸಿದ್ದು ಹಾಗೇ ವಾಪಸ್ ಬಂದಿತ್ತು. ಆ ತುಂಬಿದ ಬಾಟಲಿಯನ್ನು ನಾನು ತಿಂಗಳುಗಟ್ಟಲೆ ನೋಡಿದ್ದೆ. ಮರೆವು ಜಾಸ್ತಿ ಈ ಹುಡುಗಿಗೆ ಅಂತ ಬೈದಿದ್ದೆ ಕೂಡ. ಹತ್ತು ಗಂಟೆಯಿಂದ ನಾಲ್ಕೂವರೆವರೆಗೆ ಬೇಕೂಂತಲೇ ಕುಡಿಯದೆ ಕೂತಿರ್ತಾಳೆ ಅನ್ನುವುದು ತಲೆಗೆ ಹೊಳೆದಿರಲಿಲ್ಲ.

ಇಷ್ಟು ಓದಿ ಮಾರನೇ ದಿನವೇ ಮೋಟಾರ್ ಬಿಚ್ಚಿಹಾಕಿದ ಅಂದುಕೊಳ್ಳಬೇಡಿ. ಎಂಟು ದಿನ ಬಿಚ್ಚಲಿಲ್ಲ.

ಮೋಟಾರ್ ಏನು ಮಾಡುತ್ತೆ ಅನ್ನುವುದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟ್ಯಾಂಕಿನಿಂದ ಬರುವ ನೀರಿಗೆ ಒಂದು ಒತ್ತಡ ಇರುತ್ತೆ. ಎಲ್ಲರ ನಲ್ಲಿಯಲ್ಲೂ ಒಂದೇ ಧಾರೆ ಬರಲಿ ಅಂತ ಲೈನ್ ಮಾಡಿರ್ತಾರೆ. ನಡುವೆ ಒಬ್ಬ ಮೋಟಾರ್ ಹಾಕಿದರೆ ಅವನ ಕೆಳಗಿನ ಮನೆಗಳಿಗೆ ಧಾರೆ ಸಣ್ಣದಾಗುತ್ತೆ. ಹನ್ನೊಂದು ಜನ ಹಾಕಿದರೆ ಕೊನೆಯಲ್ಲಿ ಬರೀ ಗಾಳಿ ಸದ್ದು. ಇನ್ನೊಂದು ತೊಂದರೆಯೂ ಇದೆ, ಅದನ್ನು ಗಿರಾಕಿಗಳಿಗೆ ನಾನು ಯಾವತ್ತೂ ಹೇಳಿಲ್ಲ. ಪೈಪಿನ ಜಾಯಿಂಟ್ ಎಲ್ಲಾದರೂ ಸಡಿಲ ಇದ್ದರೆ, ಅದರ ಪಕ್ಕದಲ್ಲಿ ಚರಂಡಿ ಇದ್ದರೆ, ಮೋಟಾರು ಆ ಕೊಚ್ಚೆಯನ್ನೂ ಒಳಗೆ ಎಳೆಯುತ್ತೆ. ಅದೇ ನೀರು ಕುಡಿಯೋದು. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ವಾಂತಿ ಭೇದಿ ಆದಾಗ ಎಲ್ಲರೂ ಟ್ಯಾಂಕ್ ತೊಳೆದಿಲ್ಲ ಅಂತ ಪಂಚಾಯಿತಿಗೆ ಬೈದೆವು. ಕಾರಣ ಟ್ಯಾಂಕೋ ಮೋಟಾರೋ ನಾನು ಹೇಳಲಾರೆ. ಆದರೆ ನನ್ನ ಮನಸ್ಸಿಗೆ ಮೊದಲು ಬಂದದ್ದು ಮೋಟಾರು, ಬಾಯಿಗೆ ಬಂದದ್ದು ಟ್ಯಾಂಕು.

ಗೊತ್ತಿದ್ದೂ ಯಾಕೆ ಹಾಕಿದೆ ಅಂದರೆ, ಪಕ್ಕದ ಮನೆಯವರು ಹಾಕಿದ್ದರು. ಗೊತ್ತಿದ್ದೂ ಯಾಕೆ ಬಿಚ್ಚಲಿಲ್ಲ ಅಂದರೆ, ನಾನೊಬ್ಬ ಬಿಚ್ಚಿದರೆ ನನ್ನ ಪಾಲಿನ ನೀರು ಶಾಲೆಗೆ ಹೋಗಲ್ಲ, ಪಕ್ಕದ ಮನೆಯ ನೀರಿನ ಸಂಪ್‌ಗೆ ಹೋಗುತ್ತೆ. ಇದು ಸುಳ್ಳು ಲೆಕ್ಕವಲ್ಲ. ಇವತ್ತಿಗೂ ಸರಿಯೇ. ಆ ಎಂಟು ದಿನ ಈ ಲೆಕ್ಕವನ್ನೇ ಹೆಂಡತಿಗೆ ಹೇಳಿದೆ, ಅಂಗಡಿಗೆ ಬಂದವರಿಗೆ ಹೇಳಿದೆ. ಮಗಳಿಗೆ ಹೇಳಲು ಹೋದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಎಲ್ಲರೂ ಕೊನೇಲಿ ಬಿಚ್ತಾರಾ?" ಅಂದಳು. ವ್ಯಂಗ್ಯ ಅಲ್ಲ, ನಿಜವಾಗಿ ಕೇಳಿದ್ದು.

ನಮ್ಮವ್ವ ಮಾತ್ರ ಜಗುಲಿಯಲ್ಲಿ ಕೂತು ಬೇರೆ ಕಥೆ ತೆಗೆದಳು. ನೀರ್ ಸಾಬ್ರ ಕಾಲದ ಬೋರಿಂಗ್ ಕಥೆ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1980ರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಕುಡಿಯುವ ನೀರಿಗೆ ಅಂತ ಊರೂರಲ್ಲಿ ಬೋರ್ ಕೊರೆಸಿದರು. ಜನ ಪ್ರೀತಿಯಿಂದ ಅವರನ್ನು ನೀರ್ ಸಾಬ್ ಅಂದರು. ಪಂಚಾಯಿತಿಗಳ ಕೈಗೆ ಅಧಿಕಾರ ಬರಬೇಕು ಅಂತ ಹಟ ಹಿಡಿದವರೂ ಅವರೇ. ಪಿಡಿಒಗಳಿಗೆ ತರಬೇತಿ ಕೊಡುವ ಮೈಸೂರಿನ ಸಂಸ್ಥೆಗೆ ಇವತ್ತು ಅವರದೇ ಹೆಸರಿದೆ. ಅವ್ವ ಹೇಳಿದ್ದು ಇಷ್ಟು: ಬೋರಿಂಗ್ ಹತ್ತಿರ ಕೊಡ ಸಾಲಿಗಿಡುತ್ತಿದ್ದೆವು, ಗೌಡ್ರ ಮನೆ ಕೊಡವೂ ಸಾಲಿನಲ್ಲೇ ಇರುತ್ತಿತ್ತು, ಯಾಕೇಂದ್ರೆ ಒತ್ತೋದು ಎಲ್ಲರೂ ಕೈಯಲ್ಲೇ ಅಲ್ವಾ. ಅವ್ವನ ನೆನಪು ಸ್ವಲ್ಪ ಸಿಹಿಯಾಗಿದೆ ಅಂತ ನನಗೆ ಗೊತ್ತು. ಆ ಸಾಲಿನಲ್ಲಿ ಯಾರ ಕೊಡ ದೂರ ಇಡಿಸುತ್ತಿದ್ದರು ಅನ್ನುವುದೂ ಊರಿಗೆ ಗೊತ್ತು. ಅವ್ವ ಅದನ್ನು ಬಿಟ್ಟು ಹೇಳಿದಳು. ಮಗಳು ಆ ಭಾಗವನ್ನೂ ಕೇಳಿದಳು, ಆ ಉತ್ತರಕ್ಕೆ ಇನ್ನೊಂದು ಪತ್ರವೇ ಬೇಕಾಗುತ್ತೆ.

ಒಂಬತ್ತನೇ ದಿನ ಭಾನುವಾರ. ಅಂಗಡಿ ರಜ. ಸ್ಪ್ಯಾನರ್ ತಗೊಂಡು ಕೂತೆ. ಮಗಳು ಬಂದು ಟಾರ್ಚ್ ಹಿಡಿದಳು. ಒಳ್ಳೇದು ಮಾಡಿದೆ ಅಪ್ಪ ಅಂತೇನೂ ಅನ್ನಲಿಲ್ಲ. ಬೋಲ್ಟು, ವಾಷರ್ ಎಲ್ಲಿಡಲಿ ಅಂತ ಮಾತ್ರ ಕೇಳಿದಳು. ನಿಜ ಹೇಳಬೇಕೆಂದರೆ ನಾನು ಒಂದು ಹೊಗಳಿಕೆಗೆ ಕಾದಿದ್ದೆ.

ಈಗ ನಮ್ಮ ನಲ್ಲಿಯಲ್ಲಿ ಧಾರೆ ಕಿರುಬೆರಳಿನಷ್ಟು. ಐದೂವರೆಗೆ ಎದ್ದು ಆರೂಕಾಲರವರೆಗೆ ಕೊಡ ತುಂಬಿಸಬೇಕು. ಈ ಕಷ್ಟ ಬಿದ್ದಿದ್ದು ನನ್ನ ಮೇಲಲ್ಲ, ಹೆಂಡತಿಯ ಮೇಲೆ. ನಾನು ಮೋಟಾರ್ ಬಿಚ್ಚಿ ದೊಡ್ಡ ಮನುಷ್ಯನಾದೆ, ನಿದ್ದೆಗೆಟ್ಟವಳು ಅವಳು. ಇದನ್ನೂ ಮಗಳೇ ಎತ್ತಿ ತೋರಿಸಿದ್ದು. ಈಗ ವಾರದಲ್ಲಿ ಮೂರು ದಿನ ನನ್ನ ಪಾಳಿ. ಮೇಲಿನ ಬೀದಿಯ ಹನ್ನೊಂದರಲ್ಲಿ ಇಲ್ಲಿಯವರೆಗೆ ನಾಲ್ಕು ಬಿಚ್ಚಿವೆ. ಶಾಲೆಗೆ ವಾರದಲ್ಲಿ ಎರಡು ಮೂರು ದಿನ ನೀರು ಹತ್ತುತ್ತಿದೆ ಅಂತ ಬಿಸಿಯೂಟದ ಅಕ್ಕ ಹೇಳಿದರು. ಉಳಿದ ದಿನ ಅವರು ಈಗಲೂ ಕೊಡದಲ್ಲಿ ಹೊತ್ತು ತರುತ್ತಾರೆ.

ಇನ್ನು ಕಂದಾಯದ ಮಾತು. ಅದೇ ಸಭೆಯಲ್ಲಿ ಒಬ್ಬ ಹುಡುಗ ಶಾಲೆಯ ಕಾಂಪೌಂಡ್ ಬಿದ್ದಿದೆ ಅಂದಾಗ ಪಿಡಿಒ ಮೇಡಂ, ಊರಿನ ಮನೆ ಕಂದಾಯ ಬಾಕಿ ಎಷ್ಟಿದೆ ಗೊತ್ತಾ ಮಕ್ಕಳೇ, ನಿಮ್ಮ ಮನೇಲಿ ಕೇಳಿ ಅಂದಿದ್ದರು. ಏನೋ ಮಾತಿಗೆ ಅಂದಿರಬೇಕು. ಮಕ್ಕಳು ನಿಜವಾಗಿಯೂ ಮನೆಗೆ ಬಂದು ಕೇಳಿದವು. ನನ್ನದು ಮೂರು ವರ್ಷದ ಬಾಕಿ. ಎರಡು ಸಾವಿರ ಚಿಲ್ಲರೆ. ಇಲ್ಲದ ದುಡ್ಡಲ್ಲ. ಮೊಬೈಲ್ ರೀಚಾರ್ಜ್ ಒಂದು ದಿನ ತಪ್ಪಿದರೆ ಫೋನ್ ನಿಲ್ಲುತ್ತೆ, ಅದಕ್ಕೆ ತಪ್ಪಿಸಲ್ಲ. ಕಂದಾಯ ಕಟ್ಟದಿದ್ದರೆ ಏನೂ ನಿಲ್ಲಲ್ಲ. ಬೀದಿ ದೀಪ ಉರಿಯುತ್ತೆ, ಸ್ವಚ್ಛ ವಾಹಿನಿ ಬರುತ್ತೆ.

ಕಟ್ಟಿ ಬಂದ ರಸೀದಿಯನ್ನು ಅವಳು ಪಾಠದ ಹಾಗೆ ಓದಿದಳು. ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಓದಿರಲಿಲ್ಲ. ತೆರಿಗೆಯ ಮೇಲೆ ಉಪಕರಗಳಿರುತ್ತವೆ: ಆರೋಗ್ಯಕ್ಕೆ ಶೇ. 15, ಶಿಕ್ಷಣಕ್ಕೆ ಶೇ. 10, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಕರ ಅಂತ ಶೇ. 3. ಭಿಕ್ಷುಕರ ಕರ ಅಂದರೇನು ಅಂತ ಕೇಳಿದಳು. ಭಿಕ್ಷೆ ಬೇಡುವವರಿಗೆ ನೆಲೆ ಕೊಡಲಿಕ್ಕೆ 1975ರ ಕಾಯ್ದೆಯೊಂದಿದೆ, ಅದಕ್ಕಾಗಿ ವಸೂಲಿ ಮಾಡೋದು ಅಂತ ಮೇಷ್ಟ್ರನ್ನು ಕೇಳಿ ಹೇಳಿದೆ. ಗ್ರಂಥಾಲಯದ ಸಾಲಿನ ಮೇಲೆ ಅವಳ ಬೆರಳು ನಿಂತಿತು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಲೈಬ್ರರಿಯಲ್ಲಿ, ಅವಳಿಗೆ ಉಚಿತ ಸದಸ್ಯತ್ವ ಇದೆ, ವಾರಕ್ಕೆರಡು ಪುಸ್ತಕ ತರುತ್ತಾಳೆ. "ಹಾಗಾದ್ರೆ ಮೂರು ವರ್ಷ ನಾನು ಬೇರೆಯವರ ದುಡ್ಡಲ್ಲಿ ಓದಿದ್ನಾ?" ಅಂದಳು. ಲೆಕ್ಕ ಅಷ್ಟು ನೇರ ಇಲ್ಲ ಮಗಳೇ ಅಂದೆ. ಆದರೂ ಯಾಕೋ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅಧ್ಯಕ್ಷರೇ, ಪಿಡಿಒ ಮೇಡಂ, ಈಗ ನಿಮ್ಮನ್ನು ಕೇಳುವುದಿದೆ.

ಆವತ್ತು ಮಕ್ಕಳು ಹೇಳಿದ್ದನ್ನೆಲ್ಲ ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದುಕೊಂಡರು. ಏನಾಯಿತು ಅಂತ ಮಕ್ಕಳಿಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ. ಆಗುವುದು ಆಗಲಿ, ಆಗದ್ದನ್ನು ಆಗಲ್ಲ ಅಂತಲಾದರೂ ಬರೆದು ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿ. ನನ್ನ ಮಗಳು ವಾರಕ್ಕೊಮ್ಮೆ ಆ ಬೋರ್ಡ್ ನೋಡಿ ಬರುತ್ತಾಳೆ. ಸಭೆಯ ದಿನ ಊರಿನ ಮುಂದೆ ಮೋಟಾರ್ ವಿಷಯ ಬಂದ ಮೇಲೂ ಒಬ್ಬರಿಗೂ ನೋಟಿಸ್ ಹೋಗಿಲ್ಲ. ನನಗೂ ಬಂದಿಲ್ಲ. ಯಾರ ಮನೆಯಲ್ಲಿ ಮೋಟಾರಿದೆ ಅಂತ ನೀರುಗಂಟಿ ಬಾಯಲ್ಲಿ ಹೇಳಿಸಬೇಡಿ. ಅವನ ಸಂಬಳಕ್ಕೆ ಆ ಜಗಳ ಸೇರಿಲ್ಲ. ನೀರು ಬಿಡುವ ಹೊತ್ತಿಗೆ ನೀವೇ ಬೀದಿಯಲ್ಲಿ ಒಂದು ಸುತ್ತು ಬಂದರೆ ಸಾಕು, ಸದ್ದು ಕೇಳುತ್ತೆ. ಸದಸ್ಯರಲ್ಲಿ ಇಬ್ಬರ ಮನೆಯಿಂದಲೂ ಕೇಳುತ್ತೆ, ಕೋಪ ಮಾಡ್ಕೋಬೇಡಿ.

ಇನ್ನೊಂದು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮುಂದಿನ ಸಭೆಗೆ ಮತ್ತೆ ಚೀಟಿ ಬರೆದುಕೊಟ್ಟು ಕರೆತನ್ನಿ ಅಂತ ಶಾಲೆಗೆ ಹೇಳಬೇಕು ಅನ್ನುವ ಮಾತು ಪಂಚಾಯಿತಿ ಕಟ್ಟೆಯ ಮೇಲೆ ನಡೆದಿದೆ ಅಂತ ಕೇಳಿದೆ. ಮಕ್ಕಳು ಏನೇನೋ ಮಾತಾಡಿ ಮನೆಮನೆಗೆ ಜಗಳ ಹಚ್ಚುತ್ತವೆ ಅಂತೆ. ಜಗಳ ಆಗಿರುವುದು ನಿಜ. ನನ್ನ ಮಗಳಾದ ಮೇಲೆ ಇನ್ನೂ ಮೂರು ಮಕ್ಕಳು ಕೈ ಎತ್ತಿ ನಮ್ಮನೇಲೂ ಇದೆ ಅಂದವು. ಅದರಲ್ಲಿ ಒಬ್ಬ ಹುಡುಗನಿಗೆ ಮನೆಯಲ್ಲಿ ಪೆಟ್ಟು ಬಿತ್ತು.

ಆ ಅಪ್ಪನಿಗೂ, ಉಳಿದವರಿಗೂ ಒಂದು ಮಾತು. ನಾನೇನು ನಿಮಗಿಂತ ಮೇಲಲ್ಲ. ಹೊಡೆಯಲಿಲ್ಲ, ಬೈದೆ ಅಷ್ಟೇ ವ್ಯತ್ಯಾಸ. 2016ರಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ಕೊಪ್ಪಳ ಜಿಲ್ಲೆಯ ಒಬ್ಬ ಹುಡುಗಿಯ ವಿಷಯ ಹೇಳಿದ್ದರು. ಮನೆಗೆ ಶೌಚಾಲಯ ಬೇಕು ಅಂತ ಹೆತ್ತವರ ಎದುರೇ ಉಪವಾಸ ಕೂತವಳು. ಆಗ ನನ್ನ ಅಂಗಡಿಯಲ್ಲೇ ನಾವೆಲ್ಲ ಭಲೇ ಹುಡುಗಿ ಅಂದಿದ್ದೆವು. ಕೊಪ್ಪಳ ದೂರ ಇತ್ತು. ಮಕ್ಕಳಿಗೆ ಸುಳ್ಳು ಹೇಳಬೇಡ, ಕದಿಯಬೇಡ ಅಂತ ಹೇಳಿಕೊಟ್ಟವರು ನಾವೇ. ಅವು ಅದನ್ನು ನಂಬಿಕೊಂಡು ಕೂತಿವೆ ಅನ್ನುವುದು ನಮಗೆ ಗೊತ್ತಿರಲಿಲ್ಲ, ಅಷ್ಟೇ. ಆ ಹುಡುಗ ಈಗ ನನ್ನ ಮಗಳ ಜೊತೆ ಮಾತು ಬಿಟ್ಟಿದ್ದಾನೆ. ಅವನದೇನೂ ತಪ್ಪಿಲ್ಲ. ಅವಳು ಬೀದಿಯಲ್ಲಿ ಹೋದರೆ "ಹುಷಾರು, ಮೈಕ್ ಬಂತು" ಅಂತ ದೊಡ್ಡವರೇ ನಗುತ್ತಾರೆ. ಮೊದಲೆರಡು ಸಲ ಅವಳೂ ನಕ್ಕಳು. ಈಗ ಸುತ್ತು ಹಾಕಿಕೊಂಡು ಕೆರೆ ಏರಿಯ ಮೇಲಿಂದ ಶಾಲೆಗೆ ಹೋಗುತ್ತಾಳೆ. ದಯವಿಟ್ಟು ಅದೊಂದನ್ನು ನಿಲ್ಲಿಸಿ. ಮೋಟಾರ್ ಆಮೇಲೆ ಬಿಚ್ಚಿ ಬೇಕಾದರೆ.

ಮುಂದಿನ ವರ್ಷ ಅವಳು ಹೈಸ್ಕೂಲಿಗೆ ಹೋಗುತ್ತಾಳೆ. ಆಗಲೂ ಸಭೆಗೆ ಬರಬಹುದಾ ಅಂತ ಕೇಳಿದಳು. ಹದಿನೆಂಟು ತುಂಬುವವರೆಗೂ ಬರಬಹುದು ಅಂತ ಪಿಡಿಒ ಮೇಡಂ ಹೇಳಿದ್ದಾರೆ. ಕೇಳಲಿಕ್ಕೆ ಏನೋ ಒಂದು ಪ್ರಶ್ನೆಯನ್ನು ಈಗಲೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ. ಏನು ಅಂತ ಕೇಳಿದೆ. "ಸಭೇಲಿ ಕೇಳ್ತೀನಿ, ನೀನೂ ಬಾ" ಅಂದಳು. ನಾನು ಬರುತ್ತೇನೆ. ಈ ಸಲ ಗೋಡೆಗೆ ಒರಗಿ ನಿಲ್ಲುವುದಿಲ್ಲ, ಕೂರಲಿಕ್ಕೆ ನಾಲ್ಕು ಬೆಂಚು ಜಾಸ್ತಿ ಹಾಕಿಸಿ.

ಇತಿ ನಿಮ್ಮ,
ವೈಂಡಿಂಗ್ ಅಂಗಡಿಯವನು

ವಿ.ಸೂ.: ನಲ್ಲಿ ಲೈನಿಗೆ ಮೋಟಾರ್ ಕೂರಿಸುವ ಕೆಲಸ ನಿಲ್ಲಿಸಿದ್ದೇನೆ, ಯಾರೂ ಕೇಳಬೇಡಿ. ಬಿಚ್ಚುವುದಾದರೆ ಭಾನುವಾರ ಹೇಳಿ ಕಳಿಸಿ. ಕೂಲಿ ಇಲ್ಲ.